ಇಬ್ಬರು ರಾಮಯ್ಯಂದಿರ ಹೆಂಡತಿಯರು

ಕಾತ್ಯಾಯಿನಿಯ ಗಂಡನ ಹೆಸರು ರಾಮಯ್ಯ. ಹೇಳುವುದಕ್ಕೆ ನಮಗೇನೂ ಅಡ್ಡಿಯಿಲ್ಲ, ಹೇಳುತ್ತೇವೆ. ಆದರೆ ಕಾತ್ಯಾಯಿನಿ ಮದುವೆಯಾದ ಇಪ್ಪತ್ತಮೂರು ವರ್ಷಗಳಲ್ಲಿ ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ, ಕೈಯಲ್ಲಿ ಬರೆದವಳೂ ಅಲ್ಲ. ಗಂಡನ ಹೆಸರೆತ್ತಿದರೆ ಅವನ ಆಯುಸ್ಸು ಸವೆಯುತ್ತದೆ ಎಂದು ಅವಳ ಅಜ್ಜಿ ಹೇಳಿದ್ದರು. ಗಂಡನೊಬ್ಬನದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ದೇವರೂ ಅದೇ ಹೆಸರಿಟ್ಟುಕೊಂಡು ಕೂತಿದ್ದ. ಹೀಗಾಗಿ ರಾಮನವಮಿ ಅವಳ ಬಾಯಲ್ಲಿ ‘ಪಾನಕದ ಹಬ್ಬ’ವಾಗಿತ್ತು. ಭಜನೆಯಲ್ಲಿ ಎಲ್ಲರೂ ಆ ಹೆಸರು ಹಿಡಿದು ಕೂಗುವಾಗ ಇವಳು ಬರಿದೇ ತಾಳ ಹಾಕುವಳು. ಜನಗಣತಿಯವನು ಬಂದು ಯಜಮಾನರ ಹೆಸರೇನಮ್ಮ ಎಂದಾಗ ಬಾಗಿಲ ಮೇಲಿನ ಬೋರ್ಡು ತೋರಿಸಿ ಒಳಗೆ ಹೋಗಿದ್ದಳು.

ಇದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ, ಆ ಕಾಲದ ಹೆಂಗಸರೆಲ್ಲ ಹಾಗೇ. ಪೇಚಾಟವೇನೆಂದರೆ, ಅವಳ ಜೀವದ ಗೆಳತಿ ಸೀತಾಲಕ್ಷ್ಮಿಯ ಗಂಡನ ಹೆಸರೂ ರಾಮಯ್ಯ.

ಬಸವನಗುಡಿಯಲ್ಲಿ ಇಬ್ಬರ ತವರುಮನೆಗಳಿಗೂ ನಡುವೆ ಒಂದೇ ಗೋಡೆ, ಒಂದೇ ಬಾವಿ. ಸೀತಾಲಕ್ಷ್ಮಿ ಹೇಳಿದ್ದನ್ನು ಮಾಡಿಯೇ ತೀರುವ ಗಟ್ಟಿಗಿತ್ತಿ. ಕಾತ್ಯಾಯಿನಿ ಹೇಳಿದ್ದನ್ನು ಕೇಳಿಕೊಂಡಿರುವ ಸಾಧು. ಅವಳು ಗೋಡೆ ಹತ್ತಿ ಹುಣಸೇಕಾಯಿ ಕೀಳುವಳು, ಇವಳು ಕೆಳಗೆ ನಿಂತು ಸೆರಗೊಡ್ಡುವಳು, ಕೊನೆಗೆ ಬೈಸಿಕೊಳ್ಳುವವಳೂ ಇವಳೇ. ಮೂವತ್ತನಾಲ್ಕನೆಯ ಇಸವಿಯಲ್ಲಿ ಎರಡು ತಿಂಗಳ ಅಂತರದಲ್ಲಿ ಇಬ್ಬರ ಕೊರಳಿಗೂ ತಾಳಿ ಬಿತ್ತು. ಕಾತ್ಯಾಯಿನಿ ಬೆಂಗಳೂರಿನಲ್ಲೇ ಉಳಿದಳು. ಅವಳ ರಾಮಯ್ಯ ಕಂದಾಯ ಇಲಾಖೆಯ ಗುಮಾಸ್ತ. ಸೀತಾಲಕ್ಷ್ಮಿಯ ರಾಮಯ್ಯ ಚಿತ್ರದುರ್ಗದಲ್ಲಿ ಮೇಷ್ಟ್ರು, ಆಮೇಲೆ ಶಾಲೆಗಳ ಇನ್ಸ್‌ಪೆಕ್ಟರ್. ಹೊರಡುವ ದಿನ ಬಾವಿಕಟ್ಟೆಯ ಮೇಲೆ ಕೂತು ಇಬ್ಬರೂ ಅತ್ತರು, ತಿಂಗಳಿಗೆ ಎರಡು ಕಾಗದ ಬರೆಯುವುದೆಂದು ಆಣೆ ಹಾಕಿಕೊಂಡರು.

ಮೊದಲನೆಯ ಕಾಗದ ಬರೆಯಲು ಕೂತಾಗ ಕಾತ್ಯಾಯಿನಿಗೆ ಹದಿನಾಲ್ಕು ವರ್ಷ. ನಾಲ್ಕು ಪುಟ ಸರಾಗವಾಗಿ ಬರೆದಳು. ಮಡಿಸಿ ಲಕೋಟೆಗೆ ಹಾಕಿ ಅಂಟಿಸಿದಳು. ಮೇಲೆ ‘ಮ॥ ರಾ॥ ಶ್ರೀ’ ಎಂದು ಬರೆದವಳ ಕೈ ಅಲ್ಲೇ ನಿಂತಿತು. ಆಗೆಲ್ಲ ಹೆಂಗಸರ ಕಾಗದ ಹೋಗುತ್ತಿದ್ದದ್ದು ಗಂಡನ ಹೆಸರಿಗೆ, ‘ಇಂಥವರ ಧರ್ಮಪತ್ನಿ ಇಂಥವರಿಗೆ’ ಎಂದು. ಇಂಥವರ ಎನ್ನುವಲ್ಲಿ ಅವಳು ಬರೆಯಬೇಕಾಗಿದ್ದದ್ದು ತನ್ನ ಗಂಡನದೇ ಹೆಸರು! ಉಗುಳುವಂತಿಲ್ಲ, ನುಂಗುವಂತಿಲ್ಲ. ಸಾಯಂಕಾಲ ರಾಮಯ್ಯ ಕಚೇರಿಯಿಂದ ಬರುವವರೆಗೂ ಅವಳು ಲಕೋಟೆ ಮುಂದಿಟ್ಟುಕೊಂಡು ಕೂತೇ ಇದ್ದಳು. ಅವರು ವಿಷಯ ತಿಳಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ನನಗೆ ನಾನೇ ಕಾಗದ ಬರೆದ ಹಾಗಾಯ್ತಲ್ಲೇ,” ಎಂದು ಲೇಖನಿ ತೆಗೆದುಕೊಂಡು ವಿಳಾಸ ಬರೆದುಕೊಟ್ಟರು.

ಹದಿನೈದು ದಿನಕ್ಕೆ ಚಿತ್ರದುರ್ಗದಿಂದ ಉತ್ತರ ಬಂತು. ಮೇಲಿನ ಅಕ್ಷರ ಸೀತಾಲಕ್ಷ್ಮಿಯದಲ್ಲ, ದುಂಡಗಿನ ಮೇಷ್ಟ್ರ ಅಕ್ಷರ. ಅಲ್ಲಿಯೂ ಅದೇ ಪಾಡು! ಅಂದಿನಿಂದ ಒಂದೊಂದು ಕಾಗದಕ್ಕೂ ಎರಡು ಕೈ: ಒಳಗೆ ಹೆಂಡತಿಯದು, ಮೇಲೆ ಗಂಡನದು. ರಾಮಯ್ಯಂದಿರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೂ ಅವರಲ್ಲೊಂದು ಸಲಿಗೆ ಬೆಳೆದಿತ್ತು. ಲಕೋಟೆ ಬಂದರೆ ಕಾತ್ಯಾಯಿನಿಯ ಗಂಡ ಕನ್ನಡಕ ಏರಿಸಿ, “ನನ್ನ ಹೆಸರಿನವನು ಈ ಸಲ ಕೊಂಬು ಚೆನ್ನಾಗಿ ಎಳೆದಿದ್ದಾನೆ,” ಎನ್ನುವರು.

ನೆರೆಹೊರೆಯವರ ಕೈಲಿ ಬರೆಸಬಹುದಿತ್ತಲ್ಲ ಎನ್ನುವಿರಿ. ಬರೆಸಬಹುದಿತ್ತು. ಆದರೆ ಗೆಳತಿಗೆ ಬರೆದದ್ದನ್ನು ಕೈಯಲ್ಲಿ ಹಿಡಿದು ಬೀದಿ ಅಲೆಯುವುದುಂಟೆ? ಇನ್ಸ್‌ಪೆಕ್ಟರ್ ರಾಮಯ್ಯ ತಿಂಗಳಲ್ಲಿ ಹದಿನೈದು ದಿನ ಶಾಲೆಗಳ ತಪಾಸಣೆಗೆಂದು ಊರೂರು ಸರ್ಕೀಟು ಹೋಗುವರು. ಅವರು ಬರುವ ತನಕ ಸೀತಾಲಕ್ಷ್ಮಿ ಬರೆದು ಬರೆದು ಇಟ್ಟುಕೊಳ್ಳುವಳು. ಕೆಲವೊಮ್ಮೆ ಮೂರು ಲಕೋಟೆ ಒಟ್ಟಿಗೇ ಬಂದದ್ದುಂಟು. ಒಮ್ಮೆ ಮಲೇರಿಯಾ ಬಂದು ನಡುಗುತ್ತ ಮಲಗಿದ್ದಾಗಲೂ ವಿಳಾಸ ಅವರದೇ. ಅಕ್ಷರ ಮಾತ್ರ ಜಡಿಮಳೆಯಲ್ಲಿ ನೆನೆದ ಇರುವೆ ಸಾಲಿನಂತೆ ಅತ್ತಿತ್ತ ಚೆದುರಿತ್ತು.

ನಲವತ್ತೆರಡರಲ್ಲಿ ಕಾತ್ಯಾಯಿನಿಯ ಹನ್ನೊಂದು ತಿಂಗಳ ಗಂಡುಮಗು ಹೋಯಿತು. ಸುದ್ದಿ ಮುಟ್ಟಿದ ದಿನದಿಂದ ಹನ್ನೊಂದು ದಿನ, ದಿನಕ್ಕೊಂದರಂತೆ ಸೀತಾಲಕ್ಷ್ಮಿಯ ಕಾಗದ ಬಂತು. ಒಂದರಲ್ಲೂ ಸಮಾಧಾನದ ಮಾತಿಲ್ಲ, ದೇವರ ಇಚ್ಛೆ ಎಂಬ ಬೂಟಾಟಿಕೆಯಿಲ್ಲ. ‘ಇವತ್ತು ಹಸು ಕರು ಹಾಕಿತು, ಹಣೆಯಲ್ಲಿ ಬಿಳಿ ಬೊಟ್ಟಿದೆ.’ ‘ಇವತ್ತು ಹಪ್ಪಳಕ್ಕೆ ಖಾರ ಜಾಸ್ತಿಯಾಗಿ ಇವರು ಮೂರು ಚೊಂಬು ನೀರು ಕುಡಿದರು.’ ಇಷ್ಟೇ. ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಕಾತ್ಯಾಯಿನಿ, ಕರು ಎದ್ದು ನಿಂತಿತೋ ಇಲ್ಲವೋ ತಿಳಿಯಬೇಕೆಂದು ಮರುದಿನ ಅಂಚೆಯ ಹೊತ್ತಿಗೆ ಎದ್ದು ಕೂತಳು. ತಾನು ಬದುಕಿ ಉಳಿದದ್ದು ಆ ಹನ್ನೊಂದು ಕಾಗದಗಳಿಂದ ಎಂದು ಅವಳು ಕೊನೆಯವರೆಗೂ ನಂಬಿದ್ದಳು. ನಾವೂ ನಂಬುತ್ತೇವೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ರಾಮಯ್ಯ ಮೂರು ವರ್ಷದೊಳಗೆ ಎರಡನ್ನೂ ನೋಡಿಬಿಟ್ಟರು. ಐವತ್ತನಾಲ್ಕರಲ್ಲಿ ಜಯನಗರದ ಎರಡನೇ ಬ್ಲಾಕಿನಲ್ಲಿ ಹೊಸ ಮನೆ. ಆಗ ಅಲ್ಲಿ ಮನೆಗಿಂತ ಖಾಲಿ ಸೈಟೇ ಹೆಚ್ಚು, ಸಾಯಂಕಾಲವಾದರೆ ಸಾರಕ್ಕಿ ಕಡೆಯ ದನಗಳು ಕಾಂಪೌಂಡಿನವರೆಗೂ ಮೇಯುತ್ತ ಬರುತ್ತಿದ್ದವು. ಐವತ್ತೇಳರ ವೈಶಾಖದಲ್ಲಿ ಮಗಳು ಅಂಬುಜಳ ಮದುವೆ. ಮನೆಯ ಮುಂದೆಯೇ ಚಪ್ಪರ, ಗೋಧೂಳಿ ಲಗ್ನ. ಅರಿಸಿನ ಹಚ್ಚಿದ ಲಗ್ನಪತ್ರಿಕೆ ಮೊದಲು ಹೋದದ್ದು ಚಿತ್ರದುರ್ಗಕ್ಕೆ.

ಸೀತಾಲಕ್ಷ್ಮಿಯ ಉತ್ತರ ನಿರಾಸೆಯದು. ‘ಇವರು ಹದಿನೈದು ದಿನ ಸರ್ಕೀಟು. ಈಚೆಗೆ ಮೆಟ್ಟಲು ಹತ್ತಿದರೆ ಏದುಸಿರು ಬಿಡುತ್ತಾರೆ, ಹೇಳಿದರೆ ಕೇಳುವುದಿಲ್ಲ. ಗಂಡು ಮಕ್ಕಳಿಬ್ಬರಿಗೂ ಪರೀಕ್ಷೆ. ಒಬ್ಬಳೇ ಹೇಗೆ ಬರಲಿ ಕಾತೂ? ಇಲ್ಲಿಂದಲೇ ಅಕ್ಷತೆ ಹಾಕುತ್ತೇನೆ.’ ಇಬ್ಬರೂ ಮುಖ ನೋಡಿ ಹದಿನಾಲ್ಕು ವರ್ಷವಾಗಿತ್ತು. ಕಾತ್ಯಾಯಿನಿ ಅಡಿಗೆಮನೆಯ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡು, ಚಕ್ಕುಲಿ ಒತ್ತುವುದಕ್ಕೆ ಹೋದಳು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ನಾಂದಿ. ನಾಂದಿಯ ಹೊತ್ತಿನಿಂದ ಮದುವೆ ಮುಗಿಯುವವರೆಗೆ ಆ ಮನೆಗೆ ಸಾವಿನ ಸುದ್ದಿ ತಾಗಬಾರದು. ತಾಗಿದರೂ ಕೇಳಿಸಿಕೊಳ್ಳಬಾರದು. ಕಾತ್ಯಾಯಿನಿ ರೇಷ್ಮೆಸೀರೆ ಉಟ್ಟು ಮಣೆಯ ಮೇಲೆ ಕೂರಲು ಹೊರಟಿದ್ದಾಗ ಅಂಚೆಯ ಚನ್ನಬಸವಯ್ಯ ಚಪ್ಪರದ ಕೆಳಗೆ ಸೈಕಲ್ ನಿಲ್ಲಿಸಿದ.

“ಮದುವೆ ಮನೆಗೆ ಕಾಗದ ತಂದಿದೀನಮ್ಮ. ನಾಳೆ ಊಟಕ್ಕೂ ಬರ್ತೀನಿ,” ಎಂದು ನಗುತ್ತ ಲಕೋಟೆ ಕೊಟ್ಟ.

ಚಿತ್ರದುರ್ಗದ ಮುದ್ರೆ. ಅವಳ ಮುಖ ಅರಳಿದ್ದು ಒಂದು ಗಳಿಗೆ. ಮೇಲಿನ ವಿಳಾಸ ನೋಡಿದಳು. ‘ಮ॥ ರಾ॥ ಶ್ರೀ ಕೆ. ರಾಮಯ್ಯನವರ ಧರ್ಮಪತ್ನಿ...’ ದುಂಡಗಿನ ಮೇಷ್ಟ್ರ ಅಕ್ಷರವಲ್ಲ. ಎಡಕ್ಕೆ ವಾಲುವ, ತಲೆಕಟ್ಟು ಅರ್ಧಕ್ಕೇ ಬಿಡುವ ಆ ಅಕ್ಷರವನ್ನು ಅವಳು ಕತ್ತಲಲ್ಲೂ ಗುರುತಿಸಬಲ್ಲಳು. ಸೀತಾಲಕ್ಷ್ಮಿ ತನ್ನ ಕೈಯಾರೆ ಆ ಹೆಸರು ಬರೆದಿದ್ದಾಳೆ!

ಇಪ್ಪತ್ತಮೂರು ವರ್ಷ ಸರ್ಕೀಟಿಗೆ ಕಾದವಳು, ಮಲೇರಿಯಾಕ್ಕೂ ಜಗ್ಗದವಳು, ಇವತ್ತು ಬರೆದಿದ್ದಾಳೆಂದರೆ ಕಾಯಬೇಕಾದ ಆಯುಸ್ಸು ಇನ್ನಿಲ್ಲ ಎಂದೇ ಅರ್ಥ. ಏದುಸಿರು ಎಂದು ಬರೆದಿದ್ದಳಲ್ಲ. ಕಾತ್ಯಾಯಿನಿ ಚಪ್ಪರದ ಕಂಬ ಹಿಡಿದುಕೊಂಡಳು.

ಹಿತ್ತಲ ಕಡೆಯ ಉಗ್ರಾಣದ ಬಾಗಿಲಲ್ಲಿ ಅತ್ತೆ ವೆಂಕಟಸುಬ್ಬಮ್ಮ ಕೂತಿದ್ದರು. ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ಮಡಿ ಹೆಂಗಸು, ಎಪ್ಪತ್ತರ ಹತ್ತಿರ. ಮನೆಯ ಶಾಸ್ತ್ರವೆಲ್ಲ ಅವರ ನಾಲಗೆಯ ತುದಿಯಲ್ಲಿ. ಆದರೆ ಶುಭಕಾರ್ಯದಲ್ಲಿ ಅವರು ಉಗ್ರಾಣ ದಾಟಿ ಮುಂದಕ್ಕೆ ಬರುವವರಲ್ಲ. ಸೊಸೆಯ ಬಿಳಿಚಿದ ಮುಖ ನೋಡಿ ಕರೆದರು.

“ಏನೇ ಅದು?”

“ಸೀತೂ ಕಾಗದ. ವಿಳಾಸ ಅವಳೇ ಬರೆದಿದ್ದಾಳೆ ಅತ್ತೆ.”

ಅತ್ತೆಗೆ ಎರಡನೆಯ ಮಾತು ಬೇಕಾಗಲಿಲ್ಲ. ಈ ಲಕೋಟೆಗಳ ಕಥೆ ಅವರಿಗೂ ಗೊತ್ತು. ದನಿ ತಗ್ಗಿಸಿ ಹೇಳಿದರು: “ಒಡೀಬೇಡ. ಓದಿದ್ರೆ ತಿಳಿದ ಹಾಗಾಯ್ತು. ತಿಳೀದೆ ಇದ್ದಿದ್ದಕ್ಕೆ ದೋಷ ಇಲ್ಲ. ಇನ್ನು ಗಳಿಗೇಲಿ ಮಣೆ ಮೇಲೆ ಕೂರಬೇಕು ನೀನು, ಅತ್ಕೊಂಡು ಕೂರ್ತೀಯಾ? ಅಂಥ ಕಾಗದ ಮನೇಲಿರಬಾರದು. ಹರಿದು ಕಾಂಪೌಂಡಿನಾಚೆ ಹಾಕು.”

ಕಾತ್ಯಾಯಿನಿ ಹೇಳಿದ್ದನ್ನು ಕೇಳುವವಳು. ಹಿತ್ತಲ ಗೋಡೆಯ ಹತ್ತಿರ ಹೋಗಿ, ಲಕೋಟೆಯನ್ನು ಎರಡು ಮಾಡಿದಳು, ನಾಲ್ಕು ಮಾಡಿದಳು, ಎಂಟು ಮಾಡಿದಳು. ಆಚೆಯ ಖಾಲಿ ಸೈಟಿನ ದತ್ತೂರಿ ಗಿಡಗಳ ಮೇಲೆ ಚೂರುಗಳು ಬಿದ್ದವು. ವೈಶಾಖದ ಗಾಳಿ ಅವನ್ನು ಸಾರಕ್ಕಿಯ ಕಡೆಗೆ ಅಟ್ಟಿಕೊಂಡು ಹೋಯಿತು.

ಅದಾದ ಮೇಲೆ ಅವಳಿಗೆ ಆಗಬಾರದ್ದೆಲ್ಲ ಆಯಿತು. ಗಂಡನ ಪಕ್ಕದಲ್ಲಿ ಮಣೆಯ ಮೇಲೆ ಕೂತಾಗ ರಾಮಯ್ಯ ಮೆಲ್ಲಗೆ, “ಚಿತ್ರದುರ್ಗದಿಂದ ಏನೂ ಬರ್ಲಿಲ್ವೇನೇ? ನನ್ನ ಹೆಸರಿನವನು ಒಂದು ಸಾಲು ಆಶೀರ್ವಾದಾನಾದ್ರೂ ಬರೀಬಹುದಿತ್ತು,” ಎಂದರು. ಅವಳು “ಇಲ್ಲ” ಎಂದಳು. ಗಂಡನಿಗೆ ಹೇಳಿದ ಮೊದಲ ಸುಳ್ಳು ಅದು. ಪುರೋಹಿತರ ಮಂತ್ರ ಕಿವಿಯ ಮೇಲೆ ಹಾದುಹೋಗುತ್ತಿತ್ತು. ಅವಳ ತಲೆಯಲ್ಲಿ ಒಂದೇ ಮಾತು: ನನ್ನ ಮಗು ಹೋದಾಗ ಅವಳು ಹನ್ನೊಂದು ದಿನ ಬರೆದಳು. ಅವಳ ತಲೆಯ ಮೇಲೆ ಆಕಾಶ ಬಿದ್ದಾಗ ಮೊದಲು ನನಗೆ ಬರೆದಳು. ನಾನು ಓದದೆ ಹರಿದು ದತ್ತೂರಿ ಗಿಡಕ್ಕೆ ಹಾಕಿದೆ. ಇನ್ನು ಯಾವ ಮುಖ ಹೊತ್ತು ಅವಳಿಗೆ ಕಾಗದ ಬರೆಯಲಿ? ಬರೆದರೆ ಏನು ಬರೆಯಲಿ? ಅವಳು ಏನು ಕೇಳಿದ್ದಳೋ, ಏನು ಹೇಳಿದ್ದಳೋ ತಿಳಿಯದೆ ಉತ್ತರ ಕೊಡುವುದು ಹೇಗೆ? ಇಪ್ಪತ್ತಮೂರು ವರ್ಷದ ಸ್ನೇಹವನ್ನು ತನ್ನ ಎರಡು ಕೈಯಿಂದಲೇ ಹರಿದುಕೊಂಡಂತೆ ಅವಳಿಗೆ ಅನಿಸಿತು. ಮಗಳ ಮದುವೆಯಲ್ಲಿ ತಾಯಿ ಕಣ್ಣೀರು ಹಾಕಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅದೊಂದು ಅನುಕೂಲವಾಯಿತು.

ಮರುದಿನ ಸಾಯಂಕಾಲ. ವರನನ್ನು ಎದುರುಗೊಂಡಾಗಿತ್ತು, ಧಾರೆಗೆ ಇನ್ನು ಅರ್ಧ ಗಂಟೆ. ಹಾಲು ತರಲೆಂದು ಕಾತ್ಯಾಯಿನಿ ಉಗ್ರಾಣಕ್ಕೆ ಬಂದಳು. ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಸಾರಕ್ಕಿಯ ಅಕ್ಕಯಮ್ಮ ಬಾಳೆಲೆಯ ಹೊರೆ ಇಳಿಸಿ ಏದುತ್ತ ನಿಂತಳು. ವರ್ಷವೆಲ್ಲ ಆ ಮನೆಗೆ ಹಾಲು, ಎಲೆ ತಂದುಕೊಡುವವಳು ಅವಳೇ.

“ಅಮ್ಮಾರೆ, ಚಿತ್ರದುರ್ಗದಿಂದ ಯಾರೋ ಸೀತಾಲಕ್ಷಮ್ಮ ಅಂತ ಬಂದವ್ರೆ. ಜಟಕಾದೋನು ದಾರಿ ತಪ್ಪಿ ನಮ್ಮೂರ್ ಗಂಟ ಎಳ್ಕಂಬಂದಿದ್ದ. ನಾನೇ ಜಟಕಾ ಹತ್ತಿ ದಾರಿ ತೋರಿಸ್ಕಂಡು ಬಂದೆ. ಗೇಟ್ ತಾವ ನಿಂತವ್ರೆ, ಒಳೀಕ್ ಬನ್ನಿ ಅಂದ್ರೆ ಬರಾಕಿಲ್ಲ ಅಂತಾರೆ. ಕಾತ್ಯಾಯಿನಿ ಬಂದು ಕರುದ್ರೇ ಸೈ ಅಂತೆ.”

ಹಾಲಿನ ಚೊಂಬು ಕೈಯಲ್ಲೇ ಉಳಿಯಿತು. ಬಂದಿದ್ದಾಳೆ! ಉತ್ತರಕ್ಕೆ ಕಾಯದೆ, ಈ ಸ್ಥಿತಿಯಲ್ಲಿ, ಒಬ್ಬಳೇ ಬಂದಿದ್ದಾಳೆ. ಕರೆಯದೆ ಒಳಗೆ ಬರಲಾರೆನೆಂದು ಗೇಟಿನಲ್ಲಿ ನಿಂತಿದ್ದಾಳೆ. ಗೋಡೆ ಹತ್ತುತ್ತಿದ್ದ ಸೀತೂ ಗೇಟಿನಲ್ಲಿ ನಿಲ್ಲುವ ಹಾಗಾಯಿತಲ್ಲ!

ಅತ್ತೆ ಎದ್ದು ನಿಂತರು. ಅವರ ದನಿ ಗಟ್ಟಿಯಾಗಿರಲಿಲ್ಲ. “ಪಾಪ, ಹುಡುಗಿ. ಈ ಗಳಿಗೇಲಿ ಮುಂದಿನಿಂದ ಬೇಡಮ್ಮ, ಬೀಗರ ಕಡೆಯೋರೆಲ್ಲ ಇದ್ದಾರೆ. ಹಿತ್ತಲಿಂದ ಕರ್ಕೊಂಡು ಬರಲಿ ಅಕ್ಕಯಮ್ಮ. ಇಲ್ಲಿ ನನ್ನ ಪಕ್ಕ ಕೂತ್ಕೊಳ್ಳಲಿ, ನಾನು ನೋಡ್ಕೋತೀನಿ.”

“ಇಲ್ಲ ಅತ್ತೆ.”

“ಏನಂದೆ?”

“ನನ್ನ ಸೀತೂನ ಹಿಂದೆ ಕೂರಿಸೋದಿಲ್ಲ. ಮುಂದಿನ ಬಾಗಿಲಿಂದ ಬರ್ತಾಳೆ. ಮಂಟಪದ ಹತ್ರ ನಿಂತು ಧಾರೆ ಎರೀತಾಳೆ. ಬೀಗರು ಎದ್ದು ಹೋಗೋ ಹಾಗಿದ್ರೆ ಹೋಗ್ಲಿ.”

ಹೇಳಿದ್ದನ್ನು ಕೇಳುವ ಕಾತ್ಯಾಯಿನಿಯೇ ಇದು? ಅವಳಿಗೇ ಅನುಮಾನ. ಆದರೆ ಕಾಲು ಗೇಟಿನ ಕಡೆಗೇ ನಡೆಯುತ್ತಿತ್ತು. ಜಮಖಾನದ ಮೇಲೆ ಕೂತಿದ್ದವರ ನಡುವೆಯೇ ದಾರಿ ಮಾಡಿಕೊಂಡು, ಬೀಗಿತ್ತಿಯ ಸೀರೆಯಂಚು ತುಳಿದು, ವಾಲಗದವರನ್ನು ದಾಟಿ ಓಡಿದಳು. “ಬಾ ಸೀತೂ! ಯಾರು ಏನೇ ಅನ್ನಲಿ, ನೀನು ಒಳಗೆ ಬಾ!” ಎಂದು ಗೇಟು ಮುಟ್ಟುವ ಮೊದಲೇ ಕೂಗಿದಳು.

ಗೇಟಿನಾಚೆ ಜಟಕಾದ ಪಕ್ಕದಲ್ಲಿ ಸೀತಾಲಕ್ಷ್ಮಿ ನಿಂತಿದ್ದಳು. ಧೂಳು ಮೆತ್ತಿದ ಕಾಂಚೀವರದ ಸೀರೆ, ಬಾಡಿದ ಮಲ್ಲಿಗೆ, ಕೈತುಂಬ ಹಸಿರು ಬಳೆ, ಹಣೆಯಲ್ಲಿ ಬೆವರಿಗೆ ಹರಡಿದ ಕಾಸಗಲ ಕುಂಕುಮ. ಮುಖ ಮಾತ್ರ ಕಾದ ಕಾವಲಿ.

“ಯಾರು ಏನನ್ನಬೇಕಿತ್ತೇ? ನಾನೇನು ಕಳ್ಳೀನಾ?” ಎಂದಳು. “ಕಲಾಸಿಪಾಳ್ಯದ ಬಸ್‌ಸ್ಟ್ಯಾಂಡಲ್ಲಿ ಎರಡು ಗಂಟೆ ಭಿಕ್ಷುಕಿ ಥರ ಕೂತಿದ್ದೆ. ಯಾರನ್ನಾದ್ರೂ ಕಳಿಸು ಅಂತ ಬರೆದಿರ್ಲಿಲ್ವಾ? ಮನಸ್ಸು ತಡೀಲಿಲ್ಲ, ಒಬ್ಬಳೇ ಹೊರಟು ಬರ್ತಿದ್ದೀನಿ ಅಂತ ಬರೆದಿರ್ಲಿಲ್ವಾ? ನನ್ನ ಕಾಗದ ಬರ್ಲಿಲ್ವೇನೇ?”

ಕಾತ್ಯಾಯಿನಿ ಆ ಕುಂಕುಮವನ್ನೇ ನೋಡುತ್ತ ನಿಂತಳು. ಕೈಯೆತ್ತಿ ಅದನ್ನು ಮುಟ್ಟಿದಳು. ಬೆರಳಿಗೆ ಹತ್ತಿತು. ಆಮೇಲೆ ಗೆಳತಿಯ ಕೊರಳು ಕಟ್ಟಿಕೊಂಡು, ಜಟಕಾದವನೂ ಹಿಂದೆಯೇ ಓಡಿಬಂದ ಅಕ್ಕಯಮ್ಮನೂ ನೋಡುತ್ತಿರುವಂತೆಯೇ, ಅಳುತ್ತ ನಕ್ಕಳು, ನಗುತ್ತ ಅತ್ತಳು.

“ಬಂತು. ಹರಿದುಹಾಕಿದೆ.”

“ಏನು?”

ಅಷ್ಟರಲ್ಲಿ ಗಟ್ಟಿಮೇಳಕ್ಕೆ ಹೊತ್ತಾಯಿತು, ಕನ್ಯಾಮಾತೆ ಎಲ್ಲಿ ಎಂದು ಪುರೋಹಿತರು ಕೂಗಿದರು. ಮದುವೆಮನೆಯ ಗಡಿಯಾರ ಯಾರ ಜಗಳಕ್ಕೂ ನಿಲ್ಲುವುದಿಲ್ಲ. ಸೀತಾಲಕ್ಷ್ಮಿ ಹುಬ್ಬು ಗಂಟಿಕ್ಕಿಕೊಂಡೇ ಮಂಟಪದ ಹತ್ತಿರ ನಿಂತಳು, ಗಂಟಿಕ್ಕಿಕೊಂಡೇ ಧಾರೆಗೆ ಹಾಲೆರೆದಳು. ಅಂಬುಜಳ ಕೊರಳಿಗೆ ತಾಳಿ ಬಿದ್ದಾಗ ಮಾತ್ರ ಆ ಗಂಟು ತಾನಾಗಿ ಬಿಚ್ಚಿಕೊಂಡಿತು.

ಸಪ್ತಪದಿ ನಡೆಯುತ್ತಿದ್ದಾಗ, ಕಾಲು ತೊಳೆದುಕೊಳ್ಳಬೇಕೆಂಬ ನೆವದಲ್ಲಿ ಸೀತಾಲಕ್ಷ್ಮಿ ಗೆಳತಿಯನ್ನು ಹಿತ್ತಲಿಗೆ ಎಳೆದುಕೊಂಡು ಬಂದಳು. ಹಂಡೆಯಿಂದ ನೀರು ತೋಡಿ ಪಾದದ ಮೇಲೆ ಸುರಿದುಕೊಂಡು, “ಈಗ ಹೇಳು,” ಎಂದಳು.

ಮುತ್ತೈದೆಯ ಮುಖ ನೋಡಿಕೊಂಡು ಅದನ್ನು ಹೇಳುವುದು ಹೇಗೆ? ಕಾತ್ಯಾಯಿನಿ ನೆಲ ನೋಡಿಕೊಂಡು ಹೇಳಿದಳು. ಲಕೋಟೆಯ ಮೇಲಿನ ಅಕ್ಷರ, ಏದುಸಿರು, ನಾಂದಿ, ದತ್ತೂರಿ ಗಿಡ, ಎಲ್ಲವನ್ನೂ.

ಸೀತಾಲಕ್ಷ್ಮಿಯ ಕೈ ತಾನೇ ತಾಳಿಗೆ ಹೋಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

“ಅವರು ಹೊಸದುರ್ಗದ ಕಡೆ ಸರ್ಕೀಟಲ್ಲಿದ್ದಾರೆ, ಕಲ್ಲುಗುಂಡಿನ ಹಾಗೆ,” ಎಂದಳು. “ಅವರು ಬರೋವರೆಗೂ ಕಾದಿದ್ರೆ ಮದುವೆ ಮುಗಿದಿರ್ತಿತ್ತು. ಲೇಖನಿ ಹಿಡ್ಕೊಂಡು ಕೂತಿದ್ದಾಗ ಹೊಳೀತು ಕಣೇ: ನಾನು ಬರೀತಿರೋದು ನಿನ್ನ ಗಂಡನ ಹೆಸರು. ನನ್ನ ಗಂಡನದಲ್ಲ. ನಿನ್ನ ಗಂಡನ ಹೆಸರು ನಾನು ಬರೆದ್ರೆ ಯಾರ ಆಯುಸ್ಸು ಹೋಗುತ್ತೆ?”

“ಇಪ್ಪತ್ತಮೂರು ವರ್ಷ ನಮಗೆ ಹೊಳೀಲೇ ಇಲ್ವಲ್ಲೇ,” ಎಂದಳು ಕಾತ್ಯಾಯಿನಿ. ಅಳುವಿನ ನಡುವೆಯೂ ನಗು ಬಂತು. ಆದರೆ ಸೀತಾಲಕ್ಷ್ಮಿ ನಗಲಿಲ್ಲ.

“ಅದಿರಲಿ. ನಿಜವಾಗ್ಲೂ ಹಾಗೇ ಆಗಿದ್ದಿದ್ರೆ? ಆ ಹೊತ್ತಲ್ಲಿ ನಾನು ನಿನಗೆ ಬರೆದದ್ದನ್ನ ನೀನು ಓದ್ಲೂ ಇಲ್ಲ ಅಂತ ನನಗೆ ಗೊತ್ತಾಗಿದ್ದಿದ್ರೆ?”

ಕಾತ್ಯಾಯಿನಿ ತಲೆ ತಗ್ಗಿಸಿ ನಿಂತಳು. ಕೊಡಬೇಕಾದ ಶಿಕ್ಷೆ ಕೊಟ್ಟುಬಿಡಲಿ ಎನ್ನುವವಳ ಹಾಗೆ.

“ಹರಿಯೋಕೆ ಹೇಳಿದ್ದು ನಾನಮ್ಮ.”

ಇಬ್ಬರೂ ತಿರುಗಿದರು. ಉಗ್ರಾಣದ ಬಾಗಿಲಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು. ಎಲ್ಲವೂ ಕೇಳಿಸಿತ್ತು.

“ತಪ್ಪು ನನ್ನದು. ಆದ್ರೆ ಇನ್ನೊಂದು ಮಾತು ನೀನು ಕೇಳ್ಬೇಕು,” ಎಂದರು ಅತ್ತೆ. “ನೀನು ಗೇಟಲ್ಲಿದ್ದೀಯ ಅಂತ ಅಕ್ಕಯಮ್ಮ ಹೇಳಿದಾಗ ನೀನು ಹಾಗೇ ಆಗಿ ಬಂದಿದ್ದೀಯ ಅಂತಲೇ ನಾವು ತಿಳಿದಿದ್ದು. ಹಿತ್ತಲಿಂದ ಕರ್ಕೊಂಡು ಬಂದು ನನ್ನ ಪಕ್ಕ ಕೂರಿಸು ಅಂದೆ. ನನ್ನ ಸೀತೂನ ಹಿಂದೆ ಕೂರಿಸೋದಿಲ್ಲ, ಬೀಗರು ಎದ್ದು ಹೋದ್ರೆ ಹೋಗ್ಲಿ ಅಂತ ಇವಳು ನನ್ನ ಮುಖಕ್ಕೆ ಹೇಳಿ ಓಡಿದ್ಲು. ಸೊಸೆಯಾಗಿ ಬಂದ ಮೇಲೆ ನನಗೆ ಎದುರಾಡಿದ್ದು ಅದೊಂದೇ ಸಲ.”

ಸೀತಾಲಕ್ಷ್ಮಿ ಗೆಳತಿಯನ್ನು ನೋಡಿದಳು. ಅಂಜುಬುರುಕಿ ಕಾತೂ, ಬೈಸಿಕೊಳ್ಳುವ ಕಾತೂ. ಅವಳ ಕೈ ತೆಗೆದುಕೊಂಡು ತನ್ನ ಕೆನ್ನೆಗೆ ಒತ್ತಿಕೊಂಡಳು. ಆ ಜಗಳ ಅಲ್ಲಿಗೆ ಮುಗಿಯಿತು.

ಆದರೆ ಸೀತಾಲಕ್ಷ್ಮಿ ಸುಮ್ಮನೆ ಕೂರುವ ಜಾತಿಯಲ್ಲ. ಅತ್ತೆಗೆ ನಮಸ್ಕಾರ ಮಾಡಿ ಎದ್ದವಳು ಕೇಳಿದಳು: “ಮೊಮ್ಮಗಳ ಧಾರೆ ನೋಡಿದ್ರಾ ಅಮ್ಮ?”

“ಇಲ್ಲಿಂದ ವಾಲಗ ಕೇಳುತ್ತೆ.”

“ಮತ್ತೆ ನೀವು ಯಾಕೆ ಹಿಂದೆ ಕೂತಿದ್ದೀರಿ?”

ಅತ್ತೆ ಸೆರಗನ್ನು ಬೋಳುತಲೆಯ ಮೇಲೆ ಸರಿಮಾಡಿಕೊಂಡರು. ಕಾತ್ಯಾಯಿನಿಗೆ ಆ ಪ್ರಶ್ನೆ ತನ್ನ ಮೇಲೆಯೇ ಬಿದ್ದಂತಾಯಿತು. ಗೆಳತಿಗಾಗಿ ಬೀಗಿತ್ತಿಯ ಸೀರೆ ತುಳಿದು ಓಡಿದ್ದವಳು, ಈ ಮುದುಕಿ ಎರಡು ದಿನದಿಂದ ಮಗನ ಮನೆಯ ಉಗ್ರಾಣದಲ್ಲಿ ಕೂತು ಕಜ್ಜಾಯ ಎಣಿಸಿಕೊಡುತ್ತಿರುವುದನ್ನು ನೋಡಿಯೂ ನೋಡಿರಲಿಲ್ಲ. ಹಿಂದೆ ಕೂರಿಸೋದಿಲ್ಲ ಎಂದು ಯಾರ ಎದುರಿಗೆ ಕೂಗಿದೆ ಎಂಬುದು ಅವಳಿಗೆ ಈಗ ಅರ್ಥವಾಯಿತು.

“ಅತ್ತೆ, ನಾನು ಕರೆದಿದ್ರೆ ಬರ್ತಿದ್ರಾ?” ಎಂದಳು.

“ಬರ್ತಿರ್ಲಿಲ್ಲ,” ಎಂದರು ಅತ್ತೆ. ಆಮೇಲೆ, “ಕರೆದಿದ್ರೆ ಚೆನ್ನಾಗಿರ್ತಿತ್ತು,” ಎಂದರು.

ಕಾತ್ಯಾಯಿನಿ ಕರೆದಳು. ಅತ್ತೆ ತಲೆಯಾಡಿಸಿದರು. ಸೀತಾಲಕ್ಷ್ಮಿಯೂ ಕರೆದಳು. ಐವತ್ತು ವರ್ಷದ ಅಭ್ಯಾಸ ಇಬ್ಬರು ಕರೆದರೆ ಏಳುವುದಿಲ್ಲ. “ನೀವು ಹೋಗ್ರಮ್ಮ, ಅರುಂಧತಿ ತೋರಿಸೋ ಹೊತ್ತಾಯ್ತು,” ಎಂದು ಮುದುಕಿ ಬಾಗಿಲ ಕಡೆಗೆ ಕೈಮಾಡಿದರು.

ಮುಂದೆ ಪುರೋಹಿತರು ವಧೂವರರನ್ನು ಎಬ್ಬಿಸಿ, ನಕ್ಷತ್ರ ತೋರಿಸಲು ಗೇಟಿನಾಚೆಗೆ ಹೊರಡಿಸುತ್ತಿದ್ದರು. ಕಾತ್ಯಾಯಿನಿ ಹೋಗಿ ಅಡ್ಡ ನಿಂತಳು.

“ಮುಂದೆಲ್ಲ ಚಪ್ಪರ, ತೋರಣ, ಜನ. ಆಕಾಶವೇ ಕಾಣೋದಿಲ್ಲ ಶಾಸ್ತ್ರಿಗಳೇ. ಹಿತ್ತಲಿಗೆ ಕರ್ಕೊಂಡು ಬನ್ನಿ,” ಎಂದಳು. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ರಾಮಯ್ಯ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಏನು ತಿಳಿದರೋ, “ಹಿತ್ತಲೇ ಸರಿ,” ಎಂದು ತಾವೇ ಮುಂದೆ ನಡೆದರು.

ಹಸೆಮಣೆಯ ಸೀರೆಯಲ್ಲಿ ಅಂಬುಜ, ಅವಳ ಹಿಂದೆ ಬಾಸಿಂಗದ ಹುಡುಗ, ಅವರ ಹಿಂದೆ ಅರ್ಧ ಮದುವೆಮನೆ, ಎಲ್ಲರೂ ಹಂಡೆ ಒಲೆ ದಾಟಿ ಹಿತ್ತಲಿಗೆ ಬಂದರು. ಅತ್ತೆ ಗಾಬರಿಯಿಂದ ಎದ್ದು ಉಗ್ರಾಣದ ಕತ್ತಲೆಗೆ ಸರಿಯಲು ನೋಡಿದರು. ಸರಿಯಲಾಗಲಿಲ್ಲ. ಬಾಗಿಲಿನ ಒಂದು ಕಡೆ ಸೀತಾಲಕ್ಷ್ಮಿ ನಿಂತಿದ್ದಳು, ಇನ್ನೊಂದು ಕಡೆ ಕಾತ್ಯಾಯಿನಿ ಬಂದು ನಿಂತಳು.

ಶಾಸ್ತ್ರಿಗಳು ಉತ್ತರಕ್ಕೆ ಬೆರಳು ಮಾಡಿ, ಕಂಡಿತೇನಮ್ಮ ಎಂದರು. ಎಲ್ಲ ಮದುಮಕ್ಕಳ ಹಾಗೆ ಅಂಬುಜಳೂ ಏನೂ ಕಾಣದೆಯೇ ಕಂಡಿತು ಎಂದಳು. ಆಮೇಲೆ ತಿರುಗಿದವಳಿಗೆ ಅಜ್ಜಿ ಕಂಡರು.

“ಅಜ್ಜೀ, ಬೆಳಿಗ್ಗೆಯಿಂದ ಎಲ್ಲಿದ್ರಿ?” ಎಂದು ನೇರವಾಗಿ ಬಂದು, ಗಂಡನ ಕೈ ಬಿಡದೆಯೇ ಅವರ ಕಾಲಿಗೆ ಬಗ್ಗಿದಳು.

ಮಡಿಯ ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೀಗರ ಕಡೆಯಿಂದ ಯಾರೋ ಏನೋ ಗುಜುಗುಟ್ಟಿದರು. ಸೀತಾಲಕ್ಷ್ಮಿ ಆ ಕಡೆಗೆ ಒಮ್ಮೆ ನೋಡಿದಳು, ಗುಜುಗುಜು ನಿಂತಿತು. ಕಾತ್ಯಾಯಿನಿ ತನ್ನ ಸೆರಗಿನಲ್ಲಿದ್ದ ಅಕ್ಷತೆಯನ್ನು ಅತ್ತೆಯ ಮುಂದೆ ಹಿಡಿದಳು. ಮುದುಕಿ ಒಮ್ಮೆ ಸೊಸೆಯ ಮುಖ ನೋಡಿದರು. ಆಮೇಲೆ ಒಂದು ಹಿಡಿ ತೆಗೆದುಕೊಂಡು ಮೊಮ್ಮಗಳ ತಲೆಯ ಮೇಲೆ ಹಾಕಿದರು.